ಹೊಸ ಕೋಣೆಯ ತಣ್ಣನೆಯ ನೆಲ



ಮಠದ ಮಾಸಪತ್ರಿಕೆಯಲ್ಲಿ ನೆಲದ ಚಳಿಯನ್ನು ಕುರಿತು ಬರೆಯುವುದುಂಟೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಶರಣರ ಚರಿತ್ರೆಗೂ ಶಾಸ್ತ್ರವಿಚಾರಕ್ಕೂ ಮೀಸಲಾದ ಪುಟಗಳಲ್ಲಿ ಗಾರೆ, ಜಲ್ಲಿ, ಕಂಬಳಿಗಳ ಪ್ರಸ್ತಾಪವೇಕೆ? ಆದರೆ ನಮ್ಮ ನಾಡಿನ ಮನುಷ್ಯನ ಬಾಳಿನ ಬಹುಭಾಗ ನಡೆಯುವುದು ನೆಲದ ಮೇಲೆಯೇ. ಕೂಸು ಅಂಬೆಗಾಲಿಡುವುದು ನೆಲದ ಮೇಲೆ. ಪಂಕ್ತಿಯಲ್ಲಿ ಕುಳಿತು ಉಣ್ಣುವುದು ನೆಲದ ಮೇಲೆ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜೆಗೆ ಕೂಡುವುದೂ ನೆಲದ ಮೇಲೆಯೇ. ಇತ್ತೀಚಿನ ವರ್ಷಗಳಲ್ಲಿ ಭಕ್ತರ ಮನೆಗಳಿಗೆ ಹೋದಾಗ ಒಂದೇ ಬಗೆಯ ಮಾತು ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತಿದೆ: “ಬುದ್ಧೀ, ಮನೆಗೆ ಹೊಸದಾಗಿ ಒಂದು ಕೋಣೆ ಸೇರಿಸಿದೆವು. ಎಲ್ಲವೂ ಚೆನ್ನಾಗಿದೆ, ನೆಲ ಮಾತ್ರ ಮಾಗಿಯಲ್ಲಿ ಕಾಲಿಡಲಾಗದಷ್ಟು ತಣ್ಣಗಿರುತ್ತದೆ.” ಈ ಮಾತಿನ ಹಿಂದೆ ಒಂದಿಷ್ಟು ಭೌತಶಾಸ್ತ್ರವಿದೆ, ಒಂದಿಷ್ಟು ಕಟ್ಟಡದ ಕಸಬಿದೆ, ಒಂದಿಷ್ಟು ಸಂಸಾರದ ಸಂಕಟವೂ ಇದೆ. ಮೂರನ್ನೂ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳನ್ನು ನೆನಪಿಗೆ ತಂದುಕೊಳ್ಳೋಣ. ಎತ್ತರದ ಜಗಲಿ, ಪಡಸಾಲೆ, ನಡುವೆ ತೊಟ್ಟಿ, ಅದರ ಸುತ್ತ ಕೋಣೆಗಳು, ಒಳಗೊಂದು ನಡುಮನೆ. ತಳಪಾಯವನ್ನು ಬೀದಿಯ ಮಟ್ಟಕ್ಕಿಂತ ಎರಡು ಮೂರಡಿ ಮೇಲೆತ್ತಿ, ಮಣ್ಣು ತುಂಬಿ, ನೀರು ಹಾಕಿ, ದಿಮ್ಮಸಿನಿಂದ ಬಡಿದು, ಅದು ಕುಳಿತುಕೊಳ್ಳುವವರೆಗೆ ಕಾದು, ಬಳಿಕ ನೆಲ ಮಾಡುತ್ತಿದ್ದರು. ಬಡವರದು ಸಗಣಿ ಸಾರಿಸಿದ ಮಣ್ಣಿನ ನೆಲ; ಅನುಕೂಲಸ್ಥರದು ಸುಣ್ಣದ ಗಾರೆಯ ನೆಲ; ಆಮೇಲೆ ಬಂದದ್ದು ಕಾವಿಯ ಬಣ್ಣದ ಸಿಮೆಂಟಿನ ನೆಲ. ನಡುಮನೆಯ ನಾಲ್ಕು ಕಡೆಯೂ ಬೇರೆ ಕೋಣೆಗಳೇ ಇರುತ್ತಿದ್ದುದರಿಂದ ಅದರ ಕೆಳಗಿನ ಮಣ್ಣಿಗೆ ಎಷ್ಟೋ ದಶಕಗಳ ಕಾಲ ಮಳೆಯ ಹನಿಯ ಸೋಂಕೂ ಇರಲಿಲ್ಲ. ಅಡಿಗೆಯ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಹತ್ತು ಜನರ ಉಸಿರು, ಓಡಾಟ ಅಲ್ಲಿಯೇ. ಹೀಗಾಗಿ ನಡುಮನೆಯ ನೆಲ ಯಾರೂ ಕಾಯಿಸದೆಯೇ ಬೆಚ್ಚಗಿರುತ್ತಿತ್ತು.

ಸೇರಿಸಿ ಕಟ್ಟಿದ ಕೋಣೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಒಂದು ಗೋಡೆಯನ್ನು ಮಾತ್ರ ಮನೆಯೊಡನೆ ಹಂಚಿಕೊಂಡಿರುತ್ತದೆ. ಉಳಿದ ಮೂರು ಗೋಡೆಗಳೂ ಗಾಳಿಮಳೆಗೆ ತೆರೆದವು. ಹಿತ್ತಿಲಿನ ಮಟ್ಟ ಸಹಜವಾಗಿಯೇ ತಗ್ಗು. ಬೇಗ ಮುಗಿಯಲಿ, ಖರ್ಚು ಕಡಿಮೆಯಾಗಲಿ ಎಂದು ತಳಪಾಯವನ್ನು ಎತ್ತರಿಸುವುದಿಲ್ಲ. ತುಂಬಿದ ಮಣ್ಣು ಕುಳಿತುಕೊಳ್ಳಲು ಬಿಡುವುದಿಲ್ಲ. ಅದರ ಮೇಲೆ ತೆಳುವಾದ ಕಾಂಕ್ರೀಟು ಹಾಸಿ ನುಣುಪಾದ ಕಲ್ಲನ್ನೋ ಹೆಂಚಿನ ಬಿಲ್ಲೆಯನ್ನೋ ಕೂಡಿಸಿಬಿಡುತ್ತೇವೆ. ಗೃಹಪ್ರವೇಶ ಸಾಮಾನ್ಯವಾಗಿ ಬೇಸಗೆಯಲ್ಲಿ. ಆಗ ಆ ತಂಪು ಎಲ್ಲರಿಗೂ ಹಿತವೆನಿಸುತ್ತದೆ. ಪರೀಕ್ಷೆ ಬರುವುದು ಮಾಗಿಯಲ್ಲಿ.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈಗ ಒಂದು ಮನೆಯ ವಿಚಾರಕ್ಕೆ ಬರುತ್ತೇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವವರಿಗೆ ಅದು ಪರಿಚಿತವಾದ ಊರು. ಸಮೀಪದಲ್ಲೇ ಬಲಮುರಿ, ಎಡಮುರಿ, ಬದಿಯಲ್ಲಿ ಕಾವೇರಿ. ೧೯೧೧ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಿದರೆಂಬುದು ಆ ಕಡೆಯ ಹಿರಿಯರು ಅಭಿಮಾನದಿಂದ ಹೇಳುವ ಮಾತು. ಅದು ಸತ್ಯವೂ ಹೌದು. ಕಟ್ಟೆಗೂ ಎಷ್ಟೋ ಹಿಂದಿನಿಂದ ವಿರಿಜಾ, ಚಿಕ್ಕದೇವರಾಯಸಾಗರ ಮೊದಲಾದ ನಾಲೆಗಳು ಈ ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುತ್ತ ಬಂದಿವೆ. ಭತ್ತ, ಕಬ್ಬು, ತೆಂಗು, ಬಾಳೆ. ಎಲ್ಲಿ ನೋಡಿದರೂ ಹಸಿರು. ನೀರು ಊರಿನ ಸೌಭಾಗ್ಯ. ಆದರೆ ಅದೇ ನೀರು ನೆಲದೊಳಗೂ ಸಂಚರಿಸುತ್ತದೆ. ನಾಲೆ ತುಂಬಿ ಹರಿಯುವ ತಿಂಗಳುಗಳಲ್ಲಿ ಬಾವಿಯ ನೀರು ಮೇಲೇರುವಂತೆ ಮನೆಯ ತಳದ ಮಣ್ಣಿನ ಪಸೆಯೂ ಏರುತ್ತದೆ.

ಅಲ್ಲಿ ನಮ್ಮ ಮಠಕ್ಕೆ ಬಹುಕಾಲದಿಂದ ನಡೆದುಕೊಳ್ಳುವ ಒಂದು ಕುಟುಂಬವಿದೆ. ಈಗ ಮುಚ್ಚಿಹೋಗಿರುವ ಬೆಳಗೊಳದ ಕಾಗದದ ಕಾರ್ಖಾನೆಯಲ್ಲಿ ಯಜಮಾನರು ದುಡಿದು, ನಿವೃತ್ತರಾಗಿ, ಲಿಂಗೈಕ್ಯರಾದರು. ಅವರ ಧರ್ಮಪತ್ನಿಗೆ ಎಂಬತ್ತು ಸಮೀಪಿಸಿದೆ. ಮಗ ಯಂತ್ರಶಿಲ್ಪದಲ್ಲಿ ತರಬೇತಿ ಪಡೆದು ಮೈಸೂರಿನಲ್ಲಿ ಉದ್ಯೋಗದಲ್ಲಿರುವನು, ಸೊಸೆ ಸಾತ್ವಿಕಳು. ದನಗಳನ್ನು ಸಾಕುವವರಿಲ್ಲವಾಗಿ ಹಿತ್ತಿಲಿನ ಕೊಟ್ಟಿಗೆಯನ್ನು ಕೆಡವಿ, ಆ ಜಾಗದಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಕಟ್ಟಿಸಿದರು. ರಾತ್ರಿ ವೇಳೆ ತಾಯಿ ಕತ್ತಲಲ್ಲಿ ನಡೆದು ಹೋಗಬಾರದೆಂದು ಒಳಗೇ ಸ್ನಾನಗೃಹ. ಒರೆಸಲು ಸುಲಭವಾಗಲೆಂದು ಕನ್ನಡಿಯಂತೆ ಹೊಳೆಯುವ ಕರಿಯ ಗ್ರಾನೈಟು. ಮನೆಯಲ್ಲಿ ಅತಿ ಹೆಚ್ಚು ಹಣ ಸುರಿದದ್ದು ಆ ಕೋಣೆಗೇ. ಮಗನ ಮಾತೃಭಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲವೆಂಬುದನ್ನು ವಾಚಕರು ಮೊದಲೇ ತಿಳಿದಿರಬೇಕು.

ಮೊದಲ ಮಾಗಿಯಲ್ಲಿಯೇ ಆ ತಾಯಿ, “ನೆಲ ಕಚ್ಚುತ್ತದೆ, ನಾನು ನಡುಮನೆಗೇ ಬರುತ್ತೇನೆ” ಎಂದರು. ನಡುಮನೆಯಲ್ಲಿ ಮೊಮ್ಮಕ್ಕಳ ಓದು, ಬಂದುಹೋಗುವವರ ಗಲಾಟೆ. ಅಲ್ಲದೆ ಅತ್ತೆ ಹೊಸ ಕೋಣೆಯನ್ನು ಬಿಟ್ಟು ಬಂದರೆ ಊರವರು ಏನೆಂದಾರು ಎಂಬ ಅಳುಕು ಸೊಸೆಗೆ. ನೆಲದ ಮೇಲೆ ಹೇಳಿದ ದೂರು ತನ್ನ ಮೇಲೆ ಹೇಳಿದಂತೆ ಆಕೆಗೆ ಕೇಳಿಸತೊಡಗಿತು. ಮಗನು ವಿದ್ಯಾವಂತನಾದುದರಿಂದ ನ್ಯಾಯವನ್ನು ವಿಜ್ಞಾನದ ಮುಂದಿಟ್ಟನು. ಒಂದು ಉಷ್ಣಮಾಪಕವನ್ನು ತಂದು ಬೆಳಗಿನ ಆರು ಗಂಟೆಗೆ ಎರಡು ನೆಲಗಳ ಮೇಲೂ ಇಟ್ಟು ನೋಡಿದನು. ನಡುಮನೆಯಲ್ಲಿ ೨೧ ಡಿಗ್ರಿ. ಹೊಸ ಕೋಣೆಯಲ್ಲಿ ೨೦ ಡಿಗ್ರಿ. “ಒಂದೇ ಡಿಗ್ರಿ, ಅವ್ವ, ಇದೆಲ್ಲ ನಿನ್ನ ಮನಸ್ಸಿನ ಚಳಿ” ಎಂದನು. ಆ ತಾಯಿ ಮತ್ತೆ ಮಾತನಾಡಲಿಲ್ಲ. ಹಾಸಿಗೆ ಮಂಚದ ಮೇಲಿದ್ದುದರಿಂದ ನಿದ್ರೆಗೆ ತೊಂದರೆಯಿರಲಿಲ್ಲ, ತೊಂದರೆಯಾದುದು ಪೂಜೆಗೆ. ಏಳು ದಶಕಗಳಿಂದ ಮುಂಜಾನೆ ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಿದ ಜೀವ ಅದು. ಕುರ್ಚಿಯ ಮೇಲೆ ಕುಳಿತು ಮಾಡಿರೆಂದು ಮನೆಯವರು ಹೇಳಿದರೆ ಒಪ್ಪಲಿಲ್ಲ. ಹತ್ತು ನಿಮಿಷ ಕುಳಿತರೆ ಮೊಣಕಾಲು ಸೆಟೆದು ಏಳಲಾಗದೆ ಹೋಯಿತು. ಕ್ರಮೇಣ ಪೂಜೆಯನ್ನು ನಾಲ್ಕು ನಿಮಿಷಕ್ಕೆ ಮುಗಿಸತೊಡಗಿದರು. ಆದರೆ ಆ ವಿಷಯವನ್ನು ಯಾರಿಗೂ ತಿಳಿಸಲಿಲ್ಲ.

ನಾವು ಪಾದಪೂಜೆಗೆಂದು ಆ ಮನೆಗೆ ಹೋಗಿದ್ದಾಗ ಮಗನು ಒಂದು ಕಡೆಗೆ ಕರೆದು, “ಬುದ್ಧಿಯವರು ಅವ್ವನಿಗೆ ಸ್ವಲ್ಪ ತಿಳಿಹೇಳಬೇಕು” ಎಂದು ಬಿನ್ನವಿಸಿಕೊಂಡನು. ನಾವು ಹಾವುಗೆಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಬರಿನೆಲದ ಮೇಲೆ ಕುಳಿತೆವು. ಕಾಲು ಗಂಟೆ ಕಳೆಯುವಷ್ಟರಲ್ಲಿ ನಮ್ಮ ಕಾಲೂ ಮರಗಟ್ಟಿತು. ನಮಗೆ ಐವತ್ತು ದಾಟಿ ಕೆಲವೇ ವರ್ಷ. ಆ ತಾಯಿಗೆ ಎಂಬತ್ತು. ಇನ್ನು ತಿಳಿಹೇಳುವುದೇನಿದ್ದರೂ ಮಗನಿಗೆ ಹೇಳಬೇಕಾಗಿತ್ತು.

ಹಾಗಾದರೆ ಉಷ್ಣಮಾಪಕ ಸುಳ್ಳು ಹೇಳಿತೇ? ಇಲ್ಲ. ಅದು ತನಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಆದರೆ ಪಾದ ಕೇಳುವ ಪ್ರಶ್ನೆಯೇ ಬೇರೆ. ಉಷ್ಣಮಾಪಕವು ನೆಲದಲ್ಲಿ ಶಾಖ ಎಷ್ಟರ ಮಟ್ಟದಲ್ಲಿದೆ ಎಂದು ಅಳೆಯುತ್ತದೆ. ಪಾದವಾದರೋ ತನ್ನಲ್ಲಿರುವ ಶಾಖ ಎಷ್ಟು ವೇಗವಾಗಿ ಹೊರಟುಹೋಗುತ್ತಿದೆ ಎಂಬುದನ್ನು ಅಳೆಯುತ್ತದೆ. ಮಾಗಿಯ ಬೆಳಗಿನಲ್ಲಿ ಬಾವಿಯ ಕಟ್ಟೆಗೆ ಹೋದವರು ಇದನ್ನು ಬಲ್ಲರು. ಕಬ್ಬಿಣದ ರಾಟೆಯೂ ಅದನ್ನು ಹೊತ್ತ ಮರದ ಕಂಬವೂ ರಾತ್ರಿಯೆಲ್ಲ ಒಂದೇ ಮಂಜಿನಲ್ಲಿ ನಿಂತಿದ್ದವು. ಎರಡರ ಉಷ್ಣತೆಯೂ ಒಂದೇ. ಆದರೂ ಕಂಬವನ್ನು ಹಿಡಿದ ಕೈ ಸುಮ್ಮನಿರುತ್ತದೆ. ರಾಟೆಯನ್ನು ಮುಟ್ಟಿದ ಕೈ ಹಿಂದಕ್ಕೆ ಸರಿಯುತ್ತದೆ.

ಇದನ್ನು ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. ಪಾದದ ಚರ್ಮದ ಉಷ್ಣತೆ ೩೨ ಡಿಗ್ರಿ, ನೆಲದ ಉಷ್ಣತೆ ೨೦ ಡಿಗ್ರಿ ಎಂದಿಟ್ಟುಕೊಳ್ಳೋಣ. ಎರಡು ವಸ್ತುಗಳು ಒಂದನ್ನೊಂದು ಮುಟ್ಟಿದ ಕ್ಷಣದಲ್ಲಿ ನಡುವಿನ ಮೈಯ ಉಷ್ಣತೆ ಇಷ್ಟಾಗುವುದೆಂದು ಲೆಕ್ಕ ಹಾಕುವ ಸೂತ್ರವಿದೆ. ಅದರ ಪ್ರಕಾರ ಗ್ರಾನೈಟನ್ನು ಮುಟ್ಟಿದ ಪಾದದ ಮೈ ಸ್ಥೂಲವಾಗಿ ೨೪ ಡಿಗ್ರಿಗೆ ಇಳಿಯುತ್ತದೆ. ಅದೇ ೨೦ ಡಿಗ್ರಿಯ ಮರದ ಹಲಗೆಯನ್ನು ಮುಟ್ಟಿದರೆ ೨೯ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಲ್ಲು ಸಾಂದ್ರವಾದುದು, ಬಂದ ಶಾಖವನ್ನು ಒಡನೆಯೇ ಒಳಗೆಳೆದುಕೊಂಡು ಮತ್ತಷ್ಟಕ್ಕೆ ಬಾಯಿ ತೆರೆಯುತ್ತದೆ. ಮರದೊಳಗೆ, ಸಗಣಿ ಸಾರಿಸಿದ ಮಣ್ಣಿನೊಳಗೆ, ಚಾಪೆಯ ಎಳೆಗಳೊಳಗೆ ಸಣ್ಣ ಸಣ್ಣ ಗಾಳಿಯ ಗೂಡುಗಳಿವೆ. ಅಲುಗದೆ ನಿಂತ ಗಾಳಿಯು ಗ್ರಾನೈಟಿಗಿಂತ ಸುಮಾರು ನೂರು ಪಟ್ಟು ನಿಧಾನವಾಗಿ ಶಾಖವನ್ನು ಸಾಗಿಸುತ್ತದೆ. ಆದಕಾರಣ ಒಂದು ಡಿಗ್ರಿಯ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ಯಾವ ವಸ್ತುವಿನ ಮೇಲೆ ಕಾಲಿಟ್ಟಿದ್ದೇವೆ ಎಂಬುದು ಮುಖ್ಯ. ನಾವು ಇದನ್ನು ವಿವರಿಸಿದಾಗ ಮಗನು ತಾನು ಓದಿದ ಪಾಠವೇ ಎಂದು ಗುರುತಿಸಿದನು. ಪುಸ್ತಕದಲ್ಲಿ ಓದಿದ್ದು ತಾಯಿಯ ಬಾಯಿಂದ ಬಂದಾಗ ಗುರುತು ಸಿಕ್ಕಿರಲಿಲ್ಲ, ಅಷ್ಟೆ.

ಕಲ್ಲಿನ ಸ್ವಭಾವ ಅರ್ಧ ಕಾರಣ. ಇನ್ನರ್ಧ ನೀರು. ಮಣ್ಣು ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ. ಎಣ್ಣೆಯಲ್ಲಿ ಅದ್ದಿದ ಬತ್ತಿಯ ತುದಿಗೆ ಎಣ್ಣೆ ಏರುವ ಕ್ರಮವೇ ಇಲ್ಲಿಯದೂ. ಕಣಗಳು ನುಣುಪಾದಷ್ಟೂ ಏರುವ ಎತ್ತರ ಹೆಚ್ಚು. ಜೇಡಿಮಣ್ಣಿನಲ್ಲಿ ಅದು ಮಾರುಗಟ್ಟಲೆ ಏರಬಲ್ಲುದು. ದಪ್ಪ ಜಲ್ಲಿಯ ರಾಶಿಯಲ್ಲಿ ಬೆರಳಷ್ಟು ಏರುವುದೂ ಕಷ್ಟ. ಒದ್ದೆ ಮಣ್ಣು ಒಣಮಣ್ಣಿಗಿಂತ ಎಷ್ಟೋ ಹೆಚ್ಚು ವೇಗವಾಗಿ ಶಾಖವನ್ನು ಸೆಳೆಯುತ್ತದೆ. ಜೊತೆಗೆ ಮೇಲೆ ಬಂದ ತೇವವು ಆರುವಾಗಲೂ ಶಾಖವನ್ನೇ ಕೊಂಡೊಯ್ಯುತ್ತದೆ: ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಸಾಕು, ಅದೇ ಒಂದು ಗ್ರಾಂ ಆವಿಯಾಗಿ ಹೋಗುವಾಗ ಸುಮಾರು ೫೮೦ ಕ್ಯಾಲೊರಿಗಳನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಈ ನಿಯಮದಿಂದಲೇ. ಒದ್ದೆ ನೆಲದ ಕೋಣೆಯೂ ಒಂದು ದೊಡ್ಡ ಹೂಜಿ ಎಂದರೆ ತಪ್ಪಾಗಲಾರದು.

ಆ ಮನೆಯಲ್ಲಿ ಮತ್ತೊಂದು ವಿಶೇಷವಿತ್ತು. ಕೋಣೆ ನಿಂತದ್ದು ಹಳೆಯ ಕೊಟ್ಟಿಗೆಯ ಜಾಗದಲ್ಲಿ. ಎಷ್ಟೋ ತಲೆಮಾರುಗಳ ಕಾಲ ಗಂಜಳ ಇಂಗಿದ ಮಣ್ಣಿನಲ್ಲಿ ಪೆಟ್ಲುಪ್ಪಿನ ಜಾತಿಯ ಲವಣಗಳು ಹುಟ್ಟುತ್ತವೆ. ಹಿಂದಿನ ಕಾಲದಲ್ಲಿ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂತಹ ಮಣ್ಣನ್ನು ತೊಳೆದು ಬಸಿದೇ ಪಡೆಯುತ್ತಿದ್ದರು. ಶ್ರೀರಂಗಪಟ್ಟಣದ ಮದ್ದಿನಮನೆಗಳನ್ನು ಕಂಡವರಿಗೆ ಮದ್ದಿನ ಕಥೆ ಹೊಸದಲ್ಲ. ಈ ಲವಣಗಳು ಗಾಳಿಯಲ್ಲಿರುವ ತೇವವನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಗೋಡೆಯ ಬುಡದಲ್ಲಿ ಬಿಳಿಯ ಹುಡಿ ಏಳುವುದು, ಸುಣ್ಣ ಉದುರುವುದು, ಕಲ್ಲಿನ ಸಂದುಗಳು ಕಪ್ಪಾಗುವುದು ಇದರ ಲಕ್ಷಣ. ಕೊಟ್ಟಿಗೆಯ ಜಾಗದಲ್ಲಿ ಕೋಣೆ ಕಟ್ಟುವವರು ಮೇಲಿನ ಎರಡಡಿ ಮಣ್ಣನ್ನು ತೆಗೆದು ಹೊಲಕ್ಕೆ ಸಾಗಿಸುವುದು ಒಳ್ಳೆಯದು. ಮನೆಗೆ ಕೆಡುಕಾದುದು ಬೆಳೆಗೆ ಗೊಬ್ಬರವಾಗುವುದು.

ತೇವ ಕೆಳಗಿನಿಂದ ಬರುತ್ತಿದೆಯೋ ಗಾಳಿಯಿಂದ ಇಳಿಯುತ್ತಿದೆಯೋ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ಕಲ್ಲಿನ ಸಂದುಗಳನ್ನು ಮುಚ್ಚುವಂತೆ ನೆಲದ ಮೇಲೆ ಹಾಸಿ, ನಾಲ್ಕು ಅಂಚನ್ನೂ ಅಂಟುಪಟ್ಟಿಯಿಂದ ಬಿಗಿದು, ಎರಡು ದಿವಸ ಬಿಡಬೇಕು. ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ ನೀರು ಭೂಮಿಯದು. ಮೇಲೆ ಕಟ್ಟಿದ್ದರೆ ಗಾಳಿಯದು. ಮಳೆಗಾಲದಲ್ಲಿ ನುಣುಪು ಕಲ್ಲು ಬೆವರುವುದು ಎರಡನೆಯ ಬಗೆ; ಅದಕ್ಕೆ ಕಿಟಕಿ ತೆರೆದು ಗಾಳಿಯಾಡಿಸಿದರೆ ಬಹುಮಟ್ಟಿಗೆ ಸಾಕು. ಬೆಳಗೊಳದ ಮನೆಯಲ್ಲಿ ನೀರು ಹಾಳೆಯ ಕೆಳಗೆ ಕಟ್ಟಿತು. ಹೊರಗೆ ಹೋಗಿ ನೋಡಿದರೆ ಸ್ನಾನಗೃಹದ ನೀರು ಗೋಡೆಯ ಬುಡಕ್ಕೇ ಹರಿದು ಇಂಗುತ್ತಿತ್ತು. ಹಿಂದಿನ ಓಣಿಗೆ ಕಾಂಕ್ರೀಟು ಹಾಕಿ ಹಾಕಿ ಅದರ ಮಟ್ಟ ಕೋಣೆಯ ನೆಲಕ್ಕಿಂತ ಮೇಲೇರಿತ್ತು. ಒಳಗೆ ಕಾಡಿದ ಚಳಿಯ ಮೂಲ ಹೊರಗಿತ್ತು.

ತಣ್ಣನೆಯ ನೆಲವನ್ನು ಬೆಚ್ಚಗೆ ಮಾಡುವ ವಿದ್ಯೆ ಲೋಕದಲ್ಲಿ ಬಹು ಹಳೆಯದು. ರೋಮನರು ತಮ್ಮ ಸ್ನಾನಶಾಲೆಗಳ ನೆಲವನ್ನು ಇಟ್ಟಿಗೆಯ ಕುಳ್ಳ ಕಂಬಗಳ ಮೇಲೆ ನಿಲ್ಲಿಸಿ ಅದರ ಕೆಳಗೆ ಒಲೆಯ ಬಿಸಿಗಾಳಿಯನ್ನು ಹಾಯಿಸುತ್ತಿದ್ದರು. ಕೊರಿಯಾ ದೇಶದವರು ಅಡಿಗೆಯ ಒಲೆಯ ಹೊಗೆಯನ್ನು ಮಲಗುವ ಕೋಣೆಯ ಕಲ್ಲುಹಾಸಿನ ಕೆಳಗೆ ನಡೆಸಿ ಮತ್ತೊಂದು ಕಡೆಯ ಹೊಗೆಗೂಡಿನಿಂದ ಹೊರಬಿಡುತ್ತಿದ್ದರು. ಅದಕ್ಕೆ ಒಂದೋಲ್ ಎಂದು ಹೆಸರು. ನಮ್ಮ ದೇಶದಲ್ಲಿಯೇ ಕಾಶ್ಮೀರದ ಮನೆಗಳಲ್ಲಿಯೂ ಮಸೀದಿಗಳಲ್ಲಿಯೂ ಕಲ್ಲಿನ ನೆಲದ ಕೆಳಗೆ ಸೌದೆ ಉರಿಸುವ ಹಮಾಮುಗಳಿವೆ. ಇಂದು ನೆಲದೊಳಗೆ ವಿದ್ಯುತ್ ತಂತಿಯನ್ನೋ ಬಿಸಿನೀರಿನ ಕೊಳವೆಯನ್ನೋ ಹುದುಗಿಸುವ ಪದ್ಧತಿಯೂ ಬಂದಿದೆ. ಮಂಜು ಸುರಿಯುವ ನಾಡಿಗೆ ಇವೆಲ್ಲ ತಕ್ಕವು. ಆದರೆ ಬೆಳಗೊಳದಂತಹ ಊರಿನಲ್ಲಿ ಮಾಗಿಯ ಚಳಿ ಕೆಲವು ವಾರಗಳದು. ಒದ್ದೆ ಮಣ್ಣಿನ ಮೇಲೆ ಕುಳಿತ ನೆಲವನ್ನು ಕಾಯಿಸಹೊರಟರೆ ಶಾಖದ ಬಹುಪಾಲು ಪಾತಾಳಕ್ಕೆ ಸಲ್ಲುವುದು. ತೂತಿನ ಬಿಂದಿಗೆಗೆ ನೀರು ತುಂಬುವ ಮೊದಲು ತೂತನ್ನು ಮುಚ್ಚುವುದು ವಿವೇಕ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಬಾಣಂತಿಯ ಕೋಣೆಯಲ್ಲಿ, ವೃದ್ಧರ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡವನ್ನಿಡುವ ರೂಢಿ ನಮ್ಮಲ್ಲಿ ಉಂಟು. ಹೆಂಚಿನ ಮಾಡಿನ ಸಂದುಗಳಿಂದ ಗಾಳಿಯಾಡುತ್ತಿದ್ದ ಹಳೆಯ ಮನೆಗಳಲ್ಲಿ ಅದು ಹೇಗೋ ನಡೆಯಿತು. ತಾರಸಿ ಹಾಕಿ, ಗಾಜಿನ ಕಿಟಕಿ ಬಿಗಿದ ಹೊಸ ಕೋಣೆಯಲ್ಲಿ ಕೆಂಡವನ್ನಿಟ್ಟು ಬಾಗಿಲು ಹಾಕಿಕೊಂಡು ಮಲಗುವುದು ಪ್ರಾಣಾಪಾಯ. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವಾಗುವ ಅವಕಾಶವನ್ನೂ ಅದು ಕೊಡುವುದಿಲ್ಲ. ಹಾಗೆಯೇ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಬಿಸಿನೀರಿನ ಚೀಲವನ್ನು ಕಾಲಿಗೆ ಕಟ್ಟುವುದೂ ಬೇಡ. ಚರ್ಮ ಬೆಂದರೂ ಅವರಿಗೆ ತಿಳಿಯದು.

ನಮ್ಮ ಹಿರಿಯರು ನೆಲವನ್ನು ಕಾಯಿಸುವ ಗೋಜಿಗೆ ಹೋಗಲಿಲ್ಲ. ಮೈಗೂ ನೆಲಕ್ಕೂ ನಡುವೆ ಗಾಳಿಯನ್ನು ಹಾಸಿದರು. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಮಲಗುತ್ತಿದ್ದುದು ಕಲ್ಲುಚಪ್ಪಡಿಯ ಹಜಾರದಲ್ಲಿ. ಕಾರ್ತಿಕ ಕಳೆಯುತ್ತಿದ್ದಂತೆ ಅಡಿಗೆಯ ಅಯ್ಯನವರು ಹೊಸ ಭತ್ತದ ಹುಲ್ಲನ್ನು ತರಿಸಿ ಗೇಣು ದಪ್ಪಕ್ಕೆ ಹರಡಿಸಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹಾಸಿಸುತ್ತಿದ್ದರು. “ಹೊದೆಯುವ ಕಂಬಳಿ ಒಂದಿದ್ದರೆ ಸಾಕು, ಹಾಸುವ ಕಂಬಳಿ ಎರಡಿರಲಿ” ಎಂಬುದು ಅವರ ಮಾತು. ಅವರು ಭೌತಶಾಸ್ತ್ರವನ್ನು ಓದಿದವರಲ್ಲ. ಮುಂದೆ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಶಾಖದ ಪ್ರಸಾರವನ್ನು ಕುರಿತ ಪಾಠ ಕೇಳುವಾಗ ನಮಗೆ ಆ ಹುಲ್ಲಿನ ವಾಸನೆಯೇ ನೆನಪಾಗುತ್ತಿತ್ತು. ಉಣ್ಣೆಗೆ ಇನ್ನೊಂದು ಗುಣವೂ ಇದೆ: ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ತೇವವನ್ನು ಹೀರಿಯೂ ಅದು ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ಕುರುಬರು ನೇಯುವ ಕರಿಯ ಕಂಬಳಿಯನ್ನು ನಮ್ಮ ಮಠಗಳಲ್ಲಿ ಗದ್ದಿಗೆಗೂ ಆಸನಕ್ಕೂ ಬಳಸಿಕೊಂಡು ಬಂದುದರಲ್ಲಿ ಗೌರವದ ಜೊತೆಗೆ ಈ ಅನುಭವವೂ ಸೇರಿರಬೇಕೆಂದು ನಮಗೆ ತೋರುತ್ತದೆ.

ಬೆಳಗೊಳದ ಮನೆಯಲ್ಲಿ ಮುಂದೆ ಆದುದಿಷ್ಟು. ಮೊದಲು ನೀರಿನ ದಾರಿಯನ್ನು ತಿದ್ದಿದರು. ಸ್ನಾನದ ನೀರನ್ನು ಕೊಳವೆಯಲ್ಲಿ ಹಿಡಿದು ದೂರದ ತೆಂಗಿನ ಬುಡಕ್ಕೆ ಬಿಟ್ಟರು. ಗೋಡೆಯ ಸುತ್ತ ಮಣ್ಣನ್ನು ತಗ್ಗಿಸಿ, ಹೊರಕ್ಕೆ ಇಳಿಜಾರಾಗುವಂತೆ ಒಂದು ಕಿರುಗಾಲುವೆ ತೋಡಿ, ಅದರಲ್ಲಿ ದಪ್ಪ ಜಲ್ಲಿ ತುಂಬಿದರು. ಒಂದು ಬೇಸಗೆ ಕಳೆದ ಮೇಲೆ ಸಂದುಗಳ ಕಪ್ಪು ಬಣ್ಣ ತಿಳಿಯಾಯಿತು. ಗ್ರಾನೈಟನ್ನು ಕೀಳುವ ಅಗತ್ಯ ಬೀಳಲಿಲ್ಲ. ಕೊಟ್ಟಿಗೆ ಕೆಡವಿದಾಗ ಉಳಿದ ಹಲಗೆ, ತೊಲೆಗಳು ಅಟ್ಟದಲ್ಲಿದ್ದವು. ಊರಿನ ಬಡಗಿಯನ್ನು ಕರೆಸಿ, ಎರಡಂಗುಲದ ಪಟ್ಟಿಗಳ ಮೇಲೆ ಹಲಗೆ ಜೋಡಿಸಿ, ಬಾಗಿಲಿನಿಂದ ಮಂಚದವರೆಗೂ ಪೂಜೆಯ ಮೂಲೆಯವರೆಗೂ ಒಂದೇ ಮಟ್ಟದ ಮರದ ಹಾಸು ಮಾಡಿಸಿದರು. ನಡುವೆ ಮೆಟ್ಟಿಲಿನಂತೆ ಅಂಚು ಎದ್ದು ನಿಂತರೆ ವೃದ್ಧರು ಎಡವುವರು. ಆದ್ದರಿಂದ ಹಾಸಿನ ಮಟ್ಟವನ್ನು ಹೊಸ್ತಿಲಿಗೆ ಸರಿಹೊಂದಿಸಿ, ಸ್ನಾನಗೃಹದ ಕಡೆಗೆ ಸಣ್ಣ ಇಳಿಜಾರು ಕೊಟ್ಟರು. ಕೆಳಗೆ ಗಾಳಿಯಾಡಲು ಗೋಡೆಯ ಬದಿಯಲ್ಲಿ ಬೆರಳಗಲ ಬಿಟ್ಟರು. ಗೆದ್ದಲು ಹತ್ತಿದೆಯೋ ಎಂದು ವರ್ಷಕ್ಕೆರಡು ಸಲ ಎತ್ತಿ ನೋಡಲು ಹಲಗೆಗಳನ್ನು ಬಿಡಿಬಿಡಿಯಾಗಿ ಇರಿಸಿದರು. ಪೂಜೆಯ ಜಾಗಕ್ಕೆ ಈಚಲ ಚಾಪೆ, ಅದರ ಮೇಲೆ ಮಡಿಸಿದ ಕಂಬಳಿ. ಬಡಗಿಯ ಕೂಲಿ, ಕಂಬಳಿಯ ಬೆಲೆ ಬಿಟ್ಟರೆ ಹೆಚ್ಚಿನ ವೆಚ್ಚವಾಗಲಿಲ್ಲ.

ಹೊಸದಾಗಿ ಕಟ್ಟುವವರಿಗೆ ಇದಕ್ಕಿಂತ ಸುಲಭ. ತಳಪಾಯವನ್ನು ಹೊರಗಿನ ಮಟ್ಟಕ್ಕಿಂತ ಕಡಿಮೆಯೆಂದರೆ ಒಂದೂವರೆ ಅಡಿ ಎತ್ತರಿಸಿರಿ. ಮುಂದೆ ರಸ್ತೆ ಏರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಡಿದ ಮಣ್ಣಿನ ಮೇಲೆ ಪುಡಿಯಿಲ್ಲದ ದಪ್ಪ ಜಲ್ಲಿಯನ್ನು ನಾಲ್ಕರಿಂದ ಆರಂಗುಲ ಹರಡಿರಿ. ಅದರ ಮೇಲೆ ತೆಳುವಾಗಿ ಮರಳು ಹಾಸಿ, ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಹೊದಿಸಿ, ಅಂಚುಗಳನ್ನು ಒಂದರ ಮೇಲೊಂದು ಒಂದಡಿ ಬರುವಂತೆ ಮಡಿಸಿ ಗೋಡೆಯ ತೇವನಿರೋಧಕ ಪದರಕ್ಕೆ ಕೂಡಿಸಿರಿ, ಬಳಿಕ ಕಾಂಕ್ರೀಟು. ವೃದ್ಧರ, ಮಕ್ಕಳ ಕೋಣೆಗೆ ಕನ್ನಡಿಯಂತಹ ಕಲ್ಲನ್ನು ಹಾಕಿಸಲೇಬೇಕೇ ಎಂದು ಒಮ್ಮೆ ಯೋಚಿಸಿರಿ. ಮರ ಅಥವಾ ಬಿರಟೆಯಂತಹ ಹಗುರ ಹಾಸುಗಳೂ ದೊರೆಯುತ್ತವೆ. ಇಷ್ಟು ಮಾಡಲು ತಗಲುವ ಹಣ ಇಡೀ ಕೋಣೆಯ ವೆಚ್ಚದಲ್ಲಿ ಅಲ್ಪಾಂಶ. ಬಿಟ್ಟರೆ ಆಮೇಲೆ ಅಗೆದು ತಿದ್ದುವುದು ದುಬಾರಿ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಉಬ್ಬಸ ಮೊದಲಾದ ಶ್ವಾಸದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದುದರಿಂದ ಇದು ಕೇವಲ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆ ತಾಯಿ ಈಗ ಮುಂಜಾನೆ ಅರ್ಧ ಗಂಟೆಗೂ ಮೀರಿ ಪೂಜೆಗೆ ಕೂಡುತ್ತಾರೆಂದು ಮಗನು ಹೇಳಿದನು. ನಾಲ್ಕು ನಿಮಿಷದ ಸಂಗತಿ ಹೊರಬಿದ್ದುದೂ ಆಗಲೇ. ಹಲಗೆಯ ಮೇಲೆ ಕುಳಿತ ಮೊದಲ ದಿನ ತಾವೇ ನಗುತ್ತ ಸೊಸೆಯ ಮುಂದೆ ಹೇಳಿದರಂತೆ. ಸೊಸೆ ಅತ್ತಳಂತೆ. ಆದರೂ ದೀಪ ಹಚ್ಚುವ ಹೊತ್ತಿಗೆ ಅವರು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ನಡುಮನೆಗೆ ಬರುವುದು ನಿಂತಿಲ್ಲ. “ನೆಲ ಬೆಚ್ಚಗಾಯಿತಲ್ಲ, ಇನ್ನೇಕೆ?” ಎಂದು ಮಗನು ಕೇಳಿದ್ದಕ್ಕೆ, “ಅಲ್ಲಿ ನಿಮ್ಮ ಮಾತು ಕೇಳಿಸುವುದಿಲ್ಲ” ಎಂದರಂತೆ. ಈಗ ಯಾರೂ ಆ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ; ನಡುಮನೆಯಲ್ಲಿ ಅವರಿಗೊಂದು ಮಣೆ ಹಾಕಿರುತ್ತಾರೆ.

ಮನೆಗಳನ್ನು ಹಿಗ್ಗಿಸುವ ಕಾಲವಿದು, ಹಿಗ್ಗಲಿ. ಆದರೆ ಮನೆಯಲ್ಲಿ ಹಿರಿಯರೊಬ್ಬರು, ಕೂಸೊಂದು, ರೋಗಿಯೊಬ್ಬರು ‘ಚಳಿ’ ಎಂದಾಗ ನಾವು ಎರಡು ಬಗೆಯಲ್ಲಿ ನಡೆದುಕೊಳ್ಳಬಹುದು. ಅಳತೆಯನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸುವುದು ಒಂದು. ಅವರ ಮಾತನ್ನು ನಂಬಿ, ಅಳತೆಯನ್ನು ಕಾರಣ ಹುಡುಕಲು ಬಳಸುವುದು ಇನ್ನೊಂದು. ಉಪಕರಣ ಎರಡರಲ್ಲಿಯೂ ಒಂದೇ. ವಿದ್ಯೆಯನ್ನು ಯಾರ ಪಕ್ಷದಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ ಅದರ ಬೆಲೆಯಿದೆ.

ಆದಕ್ಕಾಗಿ ವಾಚಕರಲ್ಲಿ ನಮ್ಮದೊಂದು ಕೋರಿಕೆ. ತಮ್ಮ ಮನೆಗೆ ಸೇರಿಸಿ ಕಟ್ಟಿದ ಕೋಣೆಯಿದ್ದರೆ, ಅದರಲ್ಲಿ ಹಿರಿಯರನ್ನು ಇರಿಸಿದ್ದರೆ, ಬರುವ ಮಾಗಿಯಲ್ಲಿ ಒಂದು ದಿವಸ ಸೂರ್ಯೋದಯಕ್ಕೆ ಮೊದಲು ಅಲ್ಲಿಗೆ ಹೋಗಿರಿ. ಕಾಲುಚೀಲ ಬೇಡ, ಮಣೆ ಬೇಡ, ಚಾಪೆ ಬೇಡ. ಬರಿನೆಲದ ಮೇಲೆ ಅರ್ಧ ಗಂಟೆ ಕುಳಿತಿರಿ. ಎದ್ದ ಮೇಲೆ ಏನು ಮಾಡಬೇಕೆಂಬುದನ್ನು ತಮ್ಮ ಪಾದಗಳೇ ತಿಳಿಸುವವು.